ಗೊಟ್ಟಿಗೆರೆಯಿಂದ ಟಾಂಗನೀಕಾಕ್ಕೆ ಹೋದ ಸೂಲಗಿತ್ತಿ

ನನ್ನನ್ನು ಹುಡುಕಿ ಕರೆತಂದು ಈ ಸನ್ಮಾನ ಮಾಡುತ್ತಿರುವ ಜಯನಗರ ಮಹಿಳಾ ಸಮಾಜದ ಅಧ್ಯಕ್ಷೆ ಶ್ರೀಮತಿ ಸತ್ಯಭಾಮಾ ಅವರೇ, ಮುಖ್ಯ ಅತಿಥಿ ಡಾಕ್ಟರ್ ಬದರಿನಾಥ ಅವರೇ, ಮುಂದಿನ ಸಾಲಿನ ಹಿರಿಯರೇ, ಹಿಂದೆ ಕಂಕುಳಲ್ಲಿ ಕೂಸು ಹೊತ್ತು ನಿಂತಿರುವ ತಾಯಂದಿರೇ, ಸಭಿಕರೇ,

ಒಂಬತ್ತು ವರ್ಷದ ಹಿಂದೆ ನಾನು ಹಡಗು ಹತ್ತುವಾಗ ಈ ಸಭಾಂಗಣವಿರುವ ಜಾಗದಲ್ಲಿ ಹುರುಳಿ ಬೆಳೆಯುತ್ತಿದ್ದರು. ಈಗ ಇಲ್ಲಿ ಪಂಖ ತಿರುಗುತ್ತಿದೆ, ಮೈಕು ಕಿರುಚುತ್ತಿದೆ. ಬಹಳ ಸಂತೋಷ.

ಊರಿಗೆ ಬಂದಾಗಿನಿಂದ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಮರಿಯಮ್ಮ, ಆಫ್ರಿಕಾದಲ್ಲಿ ಸಿಂಹ ನೋಡಿದೆಯಾ? ನೋಡಿದೆ. ಒಂದೇ ಒಂದು. ಅದೂ ಲಾರಿಯಿಂದ, ಅದು ಮಲಗಿದ್ದಾಗ. ನನ್ನನ್ನು ಕಚ್ಚಿರುವುದು ಗೊಟ್ಟಿಗೆರೆಯ ನಾಯಿ ಮಾತ್ರ.

ಅಧ್ಯಕ್ಷರು ನನ್ನನ್ನು ಪರಿಚಯಿಸುತ್ತ, ‘ದೇವರ ಕರೆಗೆ ಓಗೊಟ್ಟು ಪರದೇಶಕ್ಕೆ ಹೋದವರು’ ಎಂದರು. ಮಿಷನ್ ಕಮಿಟಿಯ ಮುಂದೆ ನಾನು ಹೇಳಿದ್ದೂ ಅದನ್ನೇ. ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೇ? ಇವತ್ತು ಪೂರ್ತಿ ಹೇಳಬೇಕು ಅನ್ನಿಸುತ್ತಿದೆ.

ನನ್ನ ತಂದೆ ರಾಮಯ್ಯ ಮಿಷನ್ ಬಂಗಲೆಯಲ್ಲಿ ಅಡುಗೆ ಮಾಡುತ್ತಿದ್ದರು. ಕ್ರೈಸ್ತರಾದ ಮೇಲೂ ಹೆಸರು ಬದಲಿಸಲಿಲ್ಲ. ನಾವು ಯಾವ ಕೇರಿಯಿಂದ ಬಂದವರು ಎಂಬುದನ್ನು ಊರೂ ಮರೆಯಲಿಲ್ಲ. ನಾನು ಮಿಷನ್ ಆಸ್ಪತ್ರೆಯಲ್ಲಿ ಹೆರಿಗೆ ಕೆಲಸ ಕಲಿತು, ಐವತ್ತಾರನೆಯ ಇಸವಿಯಲ್ಲಿ ಕಪ್ಪು ಚರ್ಮದ ಚೀಲ ಹಿಡಿದು ಊರಿಗೆ ಬಂದೆ. ಬಿಳಿ ಸೀರೆ, ಕೈಗಡಿಯಾರ. ಎಂಥ ಜಂಬ ಗೊತ್ತೇ! ನಾಳೆಯಿಂದ ಊರೆಲ್ಲ ನಮ್ಮ ಮನೆ ಮುಂದೆ ಸಾಲು ನಿಲ್ಲುತ್ತದೆ ಎಂದುಕೊಂಡೆ. ಆರು ತಿಂಗಳು ಯಾರೂ ಕರೆಯಲಿಲ್ಲ.

ಸೊಣ್ಣಮ್ಮ ನನ್ನ ಗೆಳತಿ. ನಾಲ್ಕನೆಯ ಕ್ಲಾಸಿನವರೆಗೆ ಒಟ್ಟಿಗೆ ಓದಿದವಳು, ಕೆರೆ ಏರಿಯ ಮೇಲೆ ನನ್ನ ಜೊತೆ ಹುಣಿಸೆಕಾಯಿ ತಿಂದವಳು. ಅವಳಿಗೆ ನೋವು ಶುರುವಾಗಿ ಎರಡು ದಿನವಾದರೂ ಹೆರಿಗೆಯಾಗಿಲ್ಲ ಎಂದು ತಿಳಿದು, ಕರೆಯದಿದ್ದರೂ ಹೋದೆ. ಅವಳ ಮಾವ ಬೋರಣ್ಣ ಬಾಗಿಲಿಗೆ ಅಡ್ಡ ನಿಂತ.

“ಅಲ್ಲೇ ನಿಂತ್ಕೊ ಕಣಮ್ಮ. ನಮ್ಮನೆ ಒಳಕ್ಕೆ ನೀನು ಬರೋ ಹಂಗಿಲ್ಲ.”

“ಅಣ್ಣ, ಮಗು ತಿರುಗಿರ್ಬೇಕು. ನಂಗೆ ಗೊತ್ತು ಕೆಲ್ಸ. ಒಂದ್ಸಲ ನೋಡ್ತೀನಿ, ಬಿಡಿ.”

“ಅಕ್ಕಯಮ್ಮ ಅವಳೆ ಒಳಗೆ. ನಿಮ್ಮಪ್ಪನ ಕೇರಿ ಯಾವ್ದು ಅಂತ ನಂಗೆ ಗೊತ್ತಿಲ್ವಾ?”

ಅಕ್ಕಯಮ್ಮ ಹಳೆಯ ಸೂಲಗಿತ್ತಿ, ಒಳ್ಳೆಯ ಕೈ. ಆದರೆ ಕಾಲು ಮುಂದಾಗಿ ಬರುವ ಮಗುವನ್ನು ಹೇಗೆ ಇಳಿಸಿಕೊಳ್ಳಬೇಕೆಂದು ಆಕೆಗೆ ತಿಳಿಯದು. ‘ಕಾಲು ಬಂತು’ ಎಂದು ಒಳಗೆ ಯಾರೋ ಅಂದದ್ದು ಕೇಳಿ, ನಾನು ಅಂಗಳದಲ್ಲೇ ನಿಂತು, “ಎಳೀಬೇಡಿ ಅಕ್ಕಯಮ್ಮ, ಕಾಲು ಹಿಡಿದು ಎಳೀಬೇಡಿ, ಅದಾಗೇ ಇಳೀಲಿ” ಎಂದು ಕೂಗಿದೆ. ಬೋರಣ್ಣ ನನ್ನ ಚೀಲವನ್ನು ಕಾಲಿನಿಂದ ಒದ್ದ. ಅದು ಚರಂಡಿಯ ಹತ್ತಿರ ಬಿತ್ತು. ಜನ ನಕ್ಕರು.

ಆಗ ನಾನೇನು ಮಾಡಿದೆ? ಚೀಲ ಎತ್ತಿಕೊಂಡು ಮನೆಗೆ ಹೋದೆ.

ಅಧ್ಯಕ್ಷರೇ, ಇದನ್ನು ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ. ಮನೆಗೆ ಹೋಗಿ ಚೀಲ ತೊಳೆದೆ. ಮಧ್ಯಾಹ್ನ ಸುದ್ದಿ ಬಂತು. ಸೊಣ್ಣಮ್ಮ ಉಳಿದಳು, ಮಗು ಉಳಿಯಲಿಲ್ಲ. ಹೆಣ್ಣು ಮಗು. ವರ್ಷ ತುಂಬುವುದರೊಳಗೆ ಕಮಿಟಿಗೆ ಅರ್ಜಿ ಹಾಕಿ, ಬೊಂಬಾಯಿಯಲ್ಲಿ ಹಡಗು ಹತ್ತಿದೆ. ನನ್ನನ್ನು ಬೇಡವೆಂದ ಊರು ನನಗೂ ಬೇಡವಾಗಿತ್ತು.

ಟಾಂಗನೀಕಾದ ಬೆಟ್ಟದ ಸೀಮೆಯಲ್ಲಿ ನಮ್ಮ ಮಿಷನ್ನಿಗೆ ಹನ್ನೆರಡು ಹಾಸಿಗೆಯ ಆಸ್ಪತ್ರೆ. ಅಲ್ಲಿನ ಮಾತು ಸ್ವಾಹಿಲಿ. ಮೊದಲ ಹೆರಿಗೆಯಲ್ಲಿ ಕಲಿತದ್ದೆಲ್ಲ ಮರೆತುಹೋಗಿ, “ಮುಕ್ಕರಿಸವ್ವಾ, ಇನ್ನೊಂಚೂರು ಮುಕ್ಕರಿಸವ್ವಾ!” ಎಂದು ಕನ್ನಡದಲ್ಲೇ ಕಿರುಚಿದೆ. ಆಕೆಗೆ ಚೆನ್ನಾಗಿ ಅರ್ಥವಾಯಿತು. ಡಾಕ್ಟರ್ ಬದರಿನಾಥರು ನಗುತ್ತಿದ್ದಾರೆ, ಅವರಿಗೂ ಅನುಭವವಿರಬೇಕು.

ಮೂರನೆಯ ವರ್ಷ ನೇಮಾ ಎಂಬ ಬಸುರಿ ಹೆಂಗಸಿಗೆ ನೋವು ಶುರುವಾಗಿದೆ ಎಂದು ಸುದ್ದಿ ಬಂತು. ಬೆಟ್ಟ ಹತ್ತಿ ಹೋದೆ. ಗುಡಿಸಲಿನ ಬಾಗಿಲಲ್ಲಿ ಅವಳ ಅತ್ತೆ ಕೋಲು ಹಿಡಿದು ನಿಂತಿದ್ದಳು. ಪರದೇಶದವಳು ಒಳಗೆ ಬರಕೂಡದು ಎಂದಳು. ನನ್ನ ಕಾಲು ತಾನಾಗಿ ಹಿಂದಕ್ಕೆ ತಿರುಗಿತು. ನಿಜ ಹೇಳುತ್ತೇನೆ, ಹತ್ತು ಹೆಜ್ಜೆ ಇಳಿದೂ ಇಳಿದೆ. ಒಳಗಿಂದ ನೇಮಾ ನರಳಿದ್ದು ಕೇಳಿಸಿತು. ಆಗ ಹೊಳೆಯಿತು: ಜಗಳ ನನಗೂ ಬೋರಣ್ಣನಿಗೂ, ಅದಕ್ಕೆ ಬೆಲೆ ತೆತ್ತವಳು ಸೊಣ್ಣಮ್ಮ.

ವಾಪಸು ಬಂದು ಬಾಗಿಲ ಮುಂದೆ ಮಣ್ಣಿನಲ್ಲಿ ಕೂತೆ. ಮುದುಕಿ ಬೈದಳು, ಕೂತೆ. ಕೋಲು ಎತ್ತಿದಳು, ಕೂತೆ. ಊಟದ ಹೊತ್ತಿಗೆ ಮನೆಯವರು ಜೋಳದ ಹಿಟ್ಟಿನ ಮುದ್ದೆ ತಂದರು. ಕೇಳಿ ತಿಂದೆ, ಇನ್ನೊಮ್ಮೆಯೂ ಕೇಳಿದೆ. ರಾಗಿ ಮುದ್ದೆ ತಿಂದು ಬೆಳೆದವಳಿಗೆ ನಾಚಿಕೆ ಯಾಕೆ? ಮುದುಕಿಗೆ ನಗು ಬಂತು. ಆಗ ಕೇಳಿದೆ, “ಅಜ್ಜಿ, ನನ್ನ ಕಂಡರೆ ಯಾಕೆ ಭಯ?” ಆಕೆಯ ಹಿರಿಯ ಸೊಸೆಯನ್ನು ಯಾವುದೋ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದರಂತೆ, ಹೆಣವಾಗಿ ಬಂದಳಂತೆ. “ನೀವು ನನ್ನ ಪಕ್ಕದಲ್ಲೇ ಇರಿ, ನಾನು ತಪ್ಪು ಮಾಡಿದರೆ ಆ ಕೋಲು ಇದೆಯಲ್ಲ” ಎಂದೆ. ಬಿಟ್ಟಳು. ಅಲ್ಲೂ ಮಗುವಿನ ಕಾಲು ಮುಂದಿತ್ತು. ನಾನು ಎಳೆಯಲಿಲ್ಲ, ಕಾದೆ, ಪ್ರಾರ್ಥಿಸಿದೆ, ತಲೆ ಬರುವಾಗ ಕೈ ಕೊಟ್ಟೆ. ಗಂಡು ಮಗು. ಅತ್ತಿತು. ಅದಕ್ಕಿಂತ ಜೋರಾಗಿ ನಾನು ಅತ್ತೆ.

ಬೋರಣ್ಣನದು ಮುದುಕಿಯಂಥ ಭಯ ಎಂದು ನಾನು ಹೇಳುತ್ತಿಲ್ಲ. ಅವನು ಮಾಡಿದ್ದು ತಪ್ಪು. ಆದರೆ ಅವನ ತಪ್ಪನ್ನು ಹಿಡಿದುಕೊಂಡು ನನ್ನ ತಪ್ಪನ್ನು ಎಷ್ಟು ದಿನ ಮುಚ್ಚಿಡಲಿ?

ಕಳೆದ ತಿಂಗಳು ಸೊಣ್ಣಮ್ಮನ ಮನೆಗೆ ಹೋದೆ. ಬೋರಣ್ಣ ತೀರಿಕೊಂಡು ನಾಲ್ಕು ವರ್ಷವಾಗಿದೆ. ಅವಳು ಅಕ್ಕಿ ಆರಿಸುತ್ತ ಕೂತಿದ್ದಳು. ತಲೆ ಎತ್ತಿ ನೋಡಿ, ಚಾಪೆ ಹಾಸಿದಳು. ಮೊರ ಪಕ್ಕಕ್ಕಿಟ್ಟು ಹೇಳಿದಳು:

“ಅವತ್ತು ನೀನು ಕೂಗ್ತಿದ್ದಿದ್ದು ನಂಗೆ ಕೇಳಿಸ್ತಿತ್ತು ಕಣೇ. ಅದನ್ನೇ ಹಿಡ್ಕೊಂಡು ಉಸ್ರು ಬಿಡ್ತಿದ್ದೆ. ಆಮೇಲೆ ನಿನ್ ದನಿ ನಿಂತೋಯ್ತು.”

“ತಪ್ಪಾಯ್ತು ಸೊಣ್ಣಾ” ಎಂದೆ.

“ಆಯ್ತು. ಈಗ ಇರ್ತೀಯೋ, ಮತ್ತೆ ಹೋಗ್ತೀಯೋ? ಗೌರಮ್ಮನ ಸೊಸೆಗೆ ಎಂಟು ತಿಂಗ್ಳು. ಅಕ್ಕಯಮ್ಮಂಗೆ ಕಣ್ಣು ಕಾಣಲ್ಲ.”

ಯೋಚಿಸಿ ಹೇಳುತ್ತೇನೆ ಎಂದು ಬಂದೆ. ಮಿಷನ್ನಿನವರು ಇನ್ನೈದು ವರ್ಷಕ್ಕೆ ಕರೆದಿದ್ದಾರೆ. ಅಲ್ಲಿ ನಾನು ಕಲಿಸಿದ ಹುಡುಗಿಯರು ನಾಲ್ವರಿದ್ದಾರೆ, ನನಗಿಂತ ಚುರುಕು. ಇಂದು ಬೆಳಿಗ್ಗೆ ಕಮಿಟಿಗೆ ಪತ್ರ ಅಂಚೆಗೆ ಹಾಕಿದೆ. ಸೊಣ್ಣಮ್ಮನಿಗೆ ಮಾತ್ರ ಇನ್ನೂ ಉತ್ತರ ಹೇಳಿಲ್ಲ. ಇವತ್ತು ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದಿದ್ದೇನೆ. ಕೊನೆಯ ಸಾಲಿನಲ್ಲಿ, ಕಂಬದ ಪಕ್ಕದಲ್ಲಿ ಕೂತಿದ್ದಾಳೆ.

ಸನ್ಮಾನಕ್ಕೆ, ನಿಮ್ಮ ತಾಳ್ಮೆಗೆ ನಾನು ಋಣಿ. ಸಭೆಯಲ್ಲಿ ಹೀಗೆ ಕೂಗಬಾರದು ಎಂದು ನನಗೂ ಗೊತ್ತು, ಅಧ್ಯಕ್ಷರು ಕ್ಷಮಿಸಬೇಕು.

ಸೊಣ್ಣಾ, ಇರ್ತೀನಿ ಕಣೇ!

ಎಲ್ಲರಿಗೂ ನಮಸ್ಕಾರ.