ಗಾಜಿನ ಎಳೆಗೆ ಬೂದಿ

ಹಲೋ… ಯಾರು ಮಾತಾಡೋದು? … ಹಾಂ, ಗುಲ್ಷನ್ ಬೀ ಅವ್ರಾ? ನಾನು ಕೊಂಡ್ಲಹಳ್ಳಿ ಕಮಲಾಕ್ಷಮ್ಮ ರೀ. ಎಸ್‌ಟಿಡಿ ಬೂತಿಂದ ಮಾತಾಡ್ತಿದೀನಿ. ಹಲೋ ಅಂದಿದ್ದಕ್ಕೇ ಒಂದೂಕಾಲು ರೂಪಾಯಿ ಆತು. ಆರಾಮಿದೀರಾ ಅಂತ ಕೇಳಿದ್ರೆ ಇನ್ನೊಂದೂಕಾಲು. ಅದಕ್ಕೇ ಕೇಳ್ತಿಲ್ಲ, ಬೇಜಾರಾಗ್ಬೇಡಿ. ನಿಮ್ಮ ಮಗ ಜಾವೀದ್ ಇದಾನಾ?

… ಊಟಕ್ಕೆ ಕೂತಿದಾನಾ? ಎಡಗೈಲಿ ಫೋನ್ ಹಿಡೀಲಿ, ಕೊಡ್ರಿ.

… ಜಾವೀದಾ, ನಾನಪ್ಪ. ನಮ್ಮ ನೇಕಾರರ ಸಂಘಕ್ಕೆ ನೀನು ಎಳೆದುಕೊಟ್ಟ ಇಂಟರ್ನೆಟ್ ಲೈನು ಸತ್ತೋಗೈತೆ. … ಇಲ್ಲ, ಕರೆಂಟ್ ಐತೆ. ಕಂಪ್ಯೂಟರೂ ಸರಿಯಾಗೈತೆ. ವೈರು ಕಡಿದಿತ್ತು. ಬೆಳಿಗ್ಗೆ ಮೇವಿನ ಲಾರಿಗೆ ಸಿಕ್ಕಂಡು ಫಟ್ ಅಂತು.

… ಕಡಿದಿತ್ತು ಅಂದೆ. ಈಗ ಕೂಡಿಸಿ ಆಗೈತೆ. … ಯಾರು ಅಂತ ಆಮೇಲೆ ಹೇಳ್ತೀನಿ, ಮೊದ್ಲು ಬಾಯಾಗಿನ ತುತ್ತು ನುಂಗು.

… ನುಂಗಿದ್ಯಾ? ನಮ್ಮ ಪಾತಣ್ಣ ಕೂಡಿಸಿದ. … ಹಾಂ, ಮಗ್ಗದ ಪಾತಣ್ಣನೇ. ರೇಷ್ಮೆ ಎಳೆ ಹರಿದ್ರೆ ಹೆಂಗೆ ಕೂಡಿಸ್ತಾನೋ ಹಂಗೇ. ಬೆರಳಿಗೆ ಬೂದಿ ಹಚ್ಕಂಡು ಎರಡೂ ತುದಿ ಹೊಸೆದಾನೆ…

… ನಗಬೇಡ! … ನೀರು ಕುಡಿ, ನೆತ್ತಿಗೇರುತ್ತೆ. … ಒಳಗಿರೋದು ಗಾಜು ಅಂತ ಅವನಿಗೆ ಯಾರು ಹೇಳಿದ್ರು? ಕೂದಲಷ್ಟು ತೆಳ್ಳಗೈತೆ, ಮಿಂಚ್ತೈತೆ. ಹೊಸೆದ್ರೆ ಪುಡಿಪುಡಿ ಆತು. ಅಷ್ಟಕ್ಕೇ ಬಿಟ್ನಾ? ಮೇಲೆ ದಾರ ಸುತ್ತಿ ಟೇಪು ಹಚ್ಚಿದಾನೆ. ನೋಡೋಕೆ ಎಷ್ಟು ಚೆಂದ ಐತೆ ಅಂತೀಯ! ಬೆಳಕು ಮಾತ್ರ ದಾಟ್ತಿಲ್ಲ.

… ನಗೋದು ಆಮೇಲೆ. ನಾಲ್ಕಕ್ಕೆ ಬೆಂಗಳೂರಿನ ಸೀರೆ ಅಂಗಡಿಯೋರು ನಮ್ಮ ಹೊಸ ಅಂಚನ್ನ ಕಂಪ್ಯೂಟರಾಗೆ ನೋಡಿ, ಅಲ್ಲಿಂದ್ಲೇ ಬಣ್ಣ ಹೇಳ್ಬೇಕು. ಆಗ್ಲಿಲ್ಲ ಅಂದ್ರೆ ಮದುವೆ ಸೀರೆ ಆರ್ಡರು ಬೇರೆ ಊರಿಗೆ. ಚಳ್ಳಕೆರೆಯಿಂದ ಈಗ್ಲೇ ಬೈಕ್ ಹತ್ತಿದ್ರೆ ಆಗಲ್ವಾ?

… ಏನು? ಕೂಡಿಸೋ ಮಿಷನ್ನು ಹಿರಿಯೂರಾಗೆ ಐತಾ? ಯಾವಾಗ ವಾಪಸ್ ಬರುತ್ತೆ? … ನಾಳೆ? … ನಾಳೇನಾ?

… ಅಂಗಡಿಯೋರಿಗೆ ಆಗ್ಲೇ ಕೇಳ್ದೆ, ಒಂದು ದಿನ ಕಾಯ್ರಿ ಅಂತ. ಆಗಲ್ಲಮ್ಮ ಅಂದ್ರು. … ಬಿಡು.

… ಪಾತಣ್ಣನಾ? ಇಲ್ಲೇ, ಬೂತಿನ ಬಾಗ್ಲಾಗೆ ನಿಂತಾನೆ. ಮುಖ ಹರಳೆಣ್ಣೆ ಕುಡಿದಂಗೈತೆ. ನನ್ನನ್ನ ಸಂಘದಿಂದ ತೆಗೆದುಬಿಡಕ್ಕ ಅಂತಾನೆ. … ತೆಗೀತೀನಾ? ಕಂಬ ಹತ್ತಿದೋನು ಅವನೊಬ್ನೇ. ಮಿಕ್ಕೋರೆಲ್ಲ ಕೆಳಗೆ ನಿಂತು ನಿಂಗೆ ಬೈತಿದ್ರು.

… ಕೇಳಿಲ್ಲಿ. ನಾಳೆ ನೀನು ಕೂಡಿಸುವಾಗ ಅವನಿಗೂ ಕಲಿಸು. … ಮಿಷನ್ನು ದುಬಾರಿ, ಗೊತ್ತು. … ಅಲ್ಲೋ, ನಿನ್ನ ಕೆಲಸ ಯಾರು ಕಿತ್ಕಂತಾರೆ? ಕಂಬ ಪಂಚಾಯ್ತಿದು, ಮಿಷನ್ನು ನಿಂದು, ವೈರಿಗೆ ಮನೆಮನೆಯಿಂದ ಷೇರು ಹಾಕಿದೋರು ನಾವು. ಎಲ್ರೂ ಸೇರಿ ಕಟ್ಟಿದ್ದು ಹರಿದಾಗ ಒಬ್ಬನ ದಾರಿ ಕಾಯ್ತಾ ಕೂರೋದಾ? … ಹಾಂ, ಮತ್ತೆ! ಗಾಳಿ ಮಳೆಯಾಗೆ ನೀನು ಇಷ್ಟು ದೂರ ಬೈಕ್ ಓಡಿಸೋದೂ ತಪ್ಪುತ್ತೆ, ಅಲ್ವಾ?

… ಒಪ್ಪಿದ್ಯಾ? ನಿಮ್ಮ ಅವ್ವನ ಮುಂದೆ ಹೇಳು. … ಹಾಂ, ಕೇಳಿಸ್ತು. … ಒಂದು ಷರತ್ತಾ? ಏನಪ್ಪ ಅದು? … ಪಾತಣ್ಣಾ, ನಾಳೆ ಬೂದಿ ತರಬಾರದಂತೆ ಕಣೋ! … ನಕ್ಕ ನೋಡು. ಬೆಳಿಗ್ಗೆಯಿಂದ ಈಗ್ಲೇ ನಕ್ಕಿದ್ದು.

… ನಾಳೆ ಊಟ ನಮ್ಮನೇಲೇ. ತುತ್ತು ನೆಮ್ಮದಿಯಾಗಿ ನುಂಗೋಕೆ ಬಿಡ್ತೀನಿ.

… ನಂಗೆ ಸಮಾಧಾನನಾ? ಸಮಾಧಾನ ಎಲ್ಲಿಂದ ಬರುತ್ತಪ್ಪ. ಮದುವೆ ಸೀರೆ ಆರ್ಡರು ಹೋತು. ಲೈನು ಕೂಡಿಸೋಕೆ ನಮ್ಮೂರಾಗೇ ಒಂದು ಕೈ ಸಿಕ್ತು. ಅಷ್ಟೇ… ಹಲೋ? … ಹಲೋ—