ಕದಿರೇಶನ ಸಿ.ಡಿ.

ವೈಕುಂಠ ಸಮಾರಾಧನೆ ಮುಗಿದ ಮರುದಿನ ಹಾಲಿನವನು ಎಂದಿನಂತೆ ಬಂದ. ಸೌಪರ್ಣಿಕಾ ಎಂದಿನಂತೆ ಎರಡು ಲೋಟ ಕಾಫಿ ಬೆರೆಸಿದಳು. ಎರಡನೆಯದು ಆರಿಹೋದ ಮೇಲೆ, ಗಂಡ ಸುಮಧ್ವ ಗೆಳೆಯ ಕದಿರೇಶನಿಂದ ಎರವಲು ತಂದಿದ್ದ ಸಿ.ಡಿ.ಯನ್ನು ಚೀಲಕ್ಕೆ ಹಾಕಿಕೊಂಡು ಮುಳಬಾಗಿಲು ಬಸ್ ನಿಲ್ದಾಣದ ಹಿಂದಿನ ಅವನ ಕಂಪ್ಯೂಟರ್ ಅಂಗಡಿಗೆ ಹೋದಳು. ಮೆಟ್ಟಿಲ ಬಳಿ ಚಪ್ಪಲಿ ಬಿಡುವಾಗ ಒಳಗೆ ಕದಿರೇಶನೂ ಅವನ ಅಕ್ಕನೂ ಮಾತಾಡುವುದು ಕೇಳಿಸಿತು.

“ಹೊಸ ಕಂಪ್ಯೂಟರ್‌ಗೆ ಎಲ್ಲಾ ಹಾಕ್ಕೊಂಡೆ ಅಂದ್ಯಲ್ಲೋ?”

“ವೆಬ್‌ಸೈಟ್ ಮಾಡೋ ಸಾಫ್ಟ್‌ವೇರ್ ಹಾಕ್ದೆ ಅಕ್ಕ. ಮಾಡಿಟ್ಟಿದ್ದೆಲ್ಲ ಅದರ ಜೊತೇಲೇ ಬರುತ್ತೆ ಅಂದ್ಕೊಂಡೆ. ತೆಗೆದು ನೋಡಿದ್ರೆ ಒಂದು ಪ್ರಾಜೆಕ್ಟೂ ಇಲ್ಲ.”

“ಹಳೇದ್ರಲ್ಲಿ ಇರುತ್ತಲ್ಲ.”

“ಅದನ್ನ ಅಳಿಸಿ ಮಾರ್ಬಿಟ್ಟೆ.”

“ಭಲೇ ಬುದ್ಧಿವಂತ ನೀನು. ಶ್ರೀನಿವಾಸಪುರದ ಮಾವಿನ ಮಂಡಿಯೋರದು?”

“ಅದೂ ಹೋಯ್ತು. ಇನ್ನೊಂದು ಕಾಪಿ ಇರೋದು ಸುಮಧ್ವ ತಗೊಂಡೋದ ಸಿ.ಡಿ.ಲಿ ಮಾತ್ರ.”

“ಅವನ ಹೆಂಡ್ತೀನ ಕೇಳು.”

“ಯಾವ ಮುಖ ಇಟ್ಕೊಂಡು ಕೇಳ್ಲಿ? ಸಿ.ಡಿ. ತರದೆ ನನ್ನ ಅಂಗಡಿ ಮೆಟ್ಲು ಹತ್ಬೇಡ ಕಣೋ ಅಂದಿದ್ದೆ. ಅದೇ ಕೊನೇ ಮಾತಾಯ್ತು. ಆಮೇಲೆ ಅವನು ಬರ್ಲೇ ಇಲ್ಲ.”

ಸೌಪರ್ಣಿಕಾ ಮೆಟ್ಟಿಲ ಮೇಲೇ ನಿಂತು ಸಿ.ಡಿ.ಯನ್ನು ಮುಂದೆ ಹಿಡಿದಳು.

“ನೀವು ಬೈದಿದ್ದನ್ನ ಹೇಳ್ಕೊಂಡು ನಕ್ಕಿದ್ರು. ನಾಳೇನೇ ಕೊಟ್ಟು ಬರ್ತೀನಿ ಅಂದಿದ್ರು.”

ಸುಮಧ್ವ ಮನೆಯಲ್ಲಿ ಆ ಮಾತನ್ನೇ ಎತ್ತಿರಲಿಲ್ಲ. ಕದಿರೇಶ ಎದ್ದು ಬಂದು ಸಿ.ಡಿ.ಯನ್ನು ಎರಡೂ ಕೈಯಲ್ಲಿ ಈಸಿಕೊಂಡ. “ಒಳಗೆ ಬನ್ನಿ” ಎನ್ನುವಷ್ಟರಲ್ಲಿ ಅವಳು ಚಪ್ಪಲಿ ಮೆಟ್ಟಿಕೊಂಡಿದ್ದಳು.