ನೆರಳಿನ ಪೀರಿಯಡ್ಡು

ಸ್ಟೇಷನರಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಟೀಚರುಗಳು ನಿಂತಿದ್ದರು. ಹಿರಿಯಾಕೆಯ ಕೈಯಲ್ಲಿ ಸೀಮೆಸುಣ್ಣದ ಡಬ್ಬಿ.

"ಮತ್ತೆ ಸೀಮೆಸುಣ್ಣಾನಾ ಅಕ್ಕ? ಅಂಗಳದಲ್ಲಿ ಬರೆಸಿದ್ದನ್ನೆಲ್ಲ ತೊಳೆಸಿ ಅಂತ ಹೆಡ್‌ಮಾಸ್ಟರು ಹೇಳಿದ್ರಲ್ಲ."

"ತೊಳೆಸಿದೆ. ನಾಳೆ ಮತ್ತೆ ಬರೆಸ್ತೀನಿ."

"ನೆರಳು ವಿಜ್ಞಾನದ ಪಾಠ, ವಿಜ್ಞಾನದ ಪೀರಿಯಡ್ಡು ಇರೋ ಗುರುವಾರ ಮಾಡಿ ಅಂತಾರೆ."

"ಗುರುವಾರ ಮೋಡ ಮುಚ್ಚಿದ್ರೆ ಅವರು ಬಿಸಿಲು ತಂದುಕೊಡ್ತಾರಾ? ಎರಡನೇ ಕ್ಲಾಸಿನ ಮಕ್ಕಳು ಕಣೇ. ಬೆಳಗ್ಗೆ ಅವರವರ ನೆರಳಿನ ಸುತ್ತ ಗೆರೆ ಎಳೆದು ಗೇಣಲ್ಲಿ ಅಳೆದ್ರು, ಅದು ಗಣಿತ. ಮಧ್ಯಾಹ್ನ ಅದೇ ಜಾಗದಲ್ಲಿ ನಿಂತ್ರೆ ಗೆರೆಯೊಳಗೆ ನೆರಳೇ ಇಲ್ಲ. ಯಾರೋ ಕದ್ದಿದಾರೆ ಅಂತ ಒಬ್ಬಳು ಅತ್ತೇಬಿಟ್ಟಳು. ಕಳ್ಳ ಯಾರು ಅಂತ ಎಲ್ಲರೂ ಕಥೆ ಬರೆದ್ರು, ಅದು ಭಾಷೆ. ಇದನ್ನ ಪೀರಿಯಡ್ಡು ಪೀರಿಯಡ್ಡಾಗಿ ಎಲ್ಲಿ ಅಂತ ಕತ್ತರಿಸ್ಲಿ?"

"ನೋಟಿಸ್ ಕೊಟ್ರೆ?"

"ಕೊಡ್ಲಿ. ನಾಳೆ ಪ್ರಾರ್ಥನೆ ಆದ್ಮೇಲೆ ಬಿಸಿಲಲ್ಲಿ ನಿಂತು ಭಾಷಣ ಮಾಡ್ತಾರಲ್ಲ, ಮಕ್ಕಳು ಅವರ ನೆರಳನ್ನೇ ಅಳೀತಾರೆ. ಶುರುವಲ್ಲೊಂದು ಗೆರೆ, ಮುಗಿದಾಗೊಂದು."

"ಅಷ್ಟರಲ್ಲಿ ವ್ಯತ್ಯಾಸ ಗೊತ್ತಾಗುತ್ತಾ ಅಕ್ಕ?"

"ಅವರ ಭಾಷಣಕ್ಕಾ? ಗೇಣುದ್ದ ಕುಗ್ಗಿರುತ್ತೆ."

ಸಾಲು ಮುಂದೆ ಸರಿಯಿತು. ಅಂಗಡಿಯಿಂದ ಇಳಿದು ಹೋಗುವಾಗ ಕಿರಿಯಾಕೆಯ ಕೈಯಲ್ಲೂ ಒಂದು ಡಬ್ಬಿ ಇತ್ತು.